ಅಡಿಕೆ ಮರದಿಂದ ಬಿದ್ದವನ ಮೂತ್ರನಾಳ, ಸ್ಟೆಮ್ ಸೆಲ್ ಬ್ರೋಷರು

ಪ್ರಶ್ನೆ: ನನ್ನ ಅಣ್ಣನಿಗೆ 41 ವರ್ಷ. ನಾಲ್ಕು ವರ್ಷದ ಹಿಂದೆ ಅಡಿಕೆಗೆ ಮದ್ದು ಬಿಡುವಾಗ ಮರದಿಂದ ಜಾರಿ, ಕಣಿಗೆ ಅಡ್ಡ ಹಾಕಿದ್ದ ಕಲ್ಲಿನ ಮೇಲೆ ಎರಡು ಕಾಲು ಎರಡು ಬದಿಗಾಗಿ ಬಿದ್ದ. ಎಲುಬು ಮುರಿಯಲಿಲ್ಲ, ಆದರೆ ಮೂತ್ರದಲ್ಲಿ ರಕ್ತ ಬಂತು, ಆಮೇಲೆ ಮೂತ್ರ ಕಟ್ಟಿತು. ಅಲ್ಲಿಂದ ಮೂರು ಸಲ ಕ್ಯಾಮರಾ ಹಾಕಿ ಒಳಗಿನಿಂದಲೇ ಕೊಯ್ದು ಬಿಡಿಸಿದ್ದಾರೆ. ಆರೇಳು ತಿಂಗಳು ಸರಿ ಇರುತ್ತದೆ, ಮತ್ತೆ ನೂಲಿನಷ್ಟು ಸಪೂರ ಧಾರೆ. ಈಗ ಹೊಟ್ಟೆಯ ಕೆಳಗಿನಿಂದ ಟ್ಯೂಬು ಹಾಕಿದ್ದಾರೆ. ಎಕ್ಸ್‌ರೇಯಲ್ಲಿ 6 ಸೆಂಟಿಮೀಟರ್ ಉದ್ದಕ್ಕೆ ನಾಳ ಇಕ್ಕಟ್ಟಾಗಿದೆಯಂತೆ. ಕೆನ್ನೆಯ ಒಳಗಿನ ಪೊರೆ ತೆಗೆದು ಕಸಿ ಮಾಡಬೇಕು ಎಂದ ಡಾಕ್ಟರು, ಬಾಯಿ ನೋಡಿದ ಮೇಲೆ ಕಷ್ಟ ಎಂದರು. ಅಣ್ಣನಿಗೆ ಸಣ್ಣ ಪ್ರಾಯದಿಂದ ಎಲೆ, ಅಡಿಕೆ, ಹೊಗೆಸೊಪ್ಪು, ಆಮೇಲೆ ಪ್ಯಾಕೆಟು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಈಗ ಸಂಬಂಧಿಕರೊಬ್ಬರು ಒಂದು ಬ್ರೋಷರು ತಂದಿದ್ದಾರೆ: ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಅದೇ ದಿನ ಇಂಜೆಕ್ಷನ್ ಕೊಡುತ್ತಾರಂತೆ, ಟಿಷ್ಯೂ ಕಲ್ಚರ್ ಬಾಳೆಯ ಹಾಗೆ ಹೊಸ ನಾಳ ಬೆಳೆಯುತ್ತದಂತೆ. ಮೂರೂವರೆ ಲಕ್ಷ. ಚಿನ್ನ ಅಡವಿಟ್ಟು ಮಾಡಿಸಬಹುದೇ? ಮುಂದೆ ಅಣ್ಣ ಮರ ಹತ್ತಬಹುದೇ? — ಬದಿಯಡ್ಕ ಸಮೀಪದ ಓದುಗರು

ಉತ್ತರ: ಚಿನ್ನ ಪೆಟ್ಟಿಗೆಯಲ್ಲೇ ಇರಲಿ. ಆ ಬ್ರೋಷರಿನ ಇಂಜೆಕ್ಷನ್ನಿಗೆ ಒಂದು ಪವನೂ ಅಡವಿಡಬೇಡಿ. ಹಾಗೆಂದು ನಾಲ್ಕೇ ಮಾತಿನಲ್ಲಿ ಮುಗಿಸಿದರೆ ನಿಮ್ಮ ಸಂಬಂಧಿಕರು ಒಪ್ಪಲಿಕ್ಕಿಲ್ಲ. ಆ ಬ್ರೋಷರಿನ ಹಿಂದೆ ನಿಜವಾದ ವಿಜ್ಞಾನವೊಂದು ಇದೆ, ಅದರ ನೆರಳನ್ನು ಮಾರುತ್ತಿದ್ದಾರೆ. ಆ ವಿಜ್ಞಾನ ಎಲ್ಲಿಯವರೆಗೆ ಬಂದಿದೆ ಎಂದು ತಿಳಿದರೆ ನೀವೇ ಅವರಿಗೆ ಹೇಳಬಲ್ಲಿರಿ.

ಮೊದಲು ಅಣ್ಣನ ನಾಳದ ವಿಷಯ. ಗಂಡಸರ ಮೂತ್ರದ ಹೊರದಾರಿ ಸುಮಾರು 18ರಿಂದ 20 ಸೆಂಟಿಮೀಟರ್ ಉದ್ದ. ಅದರಲ್ಲಿ ಕುಳಿತಾಗ ನೆಲಕ್ಕೆ ತಾಗುವ ಭಾಗದ ಮೇಲೆ ಹಾದುಹೋಗುವ ತುಂಡಿಗೆ ಬಲ್ಬಾರ್ ಯುರೆಥ್ರಾ ಎನ್ನುತ್ತೇವೆ. ಕಲ್ಲಿನ ಮೇಲೋ ಸೈಕಲ್ಲಿನ ಬಾರಿನ ಮೇಲೋ ಕಾಲಗಲಿಸಿ ಬಿದ್ದರೆ ಜಜ್ಜಿಹೋಗುವುದು ಇದೇ. ಸೊಂಟದ ಎಲುಬು ಮುರಿದಾಗ ತುಂಡಾಗುವ ಜಾಗ ಇನ್ನೂ ಒಳಗೆ; ಅದರ ಚಿಕಿತ್ಸೆಯೇ ಬೇರೆ, ಅಲ್ಲಿ ಸಾಮಾನ್ಯವಾಗಿ ಕಸಿಯ ಗೊಡವೆಯೇ ಇಲ್ಲದೆ ಎರಡು ತುದಿಗಳನ್ನು ಜೋಡಿಸುತ್ತಾರೆ. ಹಾಗಾಗಿ ಮುಂದೆ ಯಾವ ಡಾಕ್ಟರರ ಹತ್ತಿರ ಹೋದರೂ ಎಲುಬು ಮುರಿದಿರಲಿಲ್ಲ ಎಂಬುದನ್ನು ಮರೆಯದೆ ಹೇಳಿ.

ಜಜ್ಜಿದ ಜಾಗದಲ್ಲಿ ಗಾಯ ಮಾಗುವಾಗ ಕಲೆ ಕಟ್ಟುತ್ತದೆ. ಕೈಮೇಲಿನ ಕಲೆ ನೋಡಲು ಚೆನ್ನಾಗಿಲ್ಲ ಅಷ್ಟೆ, ನಾಳದೊಳಗಿನ ಕಲೆ ಉಂಗುರದ ಹಾಗೆ ಬಿಗಿಯುತ್ತದೆ. ಕ್ಯಾಮರಾ ಹಾಕಿ ಆ ಉಂಗುರವನ್ನು ಸೀಳಿದರೆ ದಾರಿ ಬಿಡುತ್ತದೆ. ಆದರೆ ಸೀಳಿದ್ದೂ ಒಂದು ಗಾಯವೇ. ಅದರ ಮೇಲೆ ದಿನವೂ ಮೂತ್ರ ಹರಿಯುತ್ತದೆ, ಪೊರೆಯಿಲ್ಲದ ಜಾಗದಲ್ಲಿ ಒಳಗೆ ಇಳಿಯುತ್ತದೆ, ಕಲೆ ಮತ್ತೆ ಹಬ್ಬುತ್ತದೆ. ಒಂದು ಸೆಂಟಿಮೀಟರಿನಷ್ಟಿರುವ ಸಣ್ಣ ಇಕ್ಕಟ್ಟಿಗೆ ಒಮ್ಮೆ ಸೀಳಿ ನೋಡುವುದು ತಪ್ಪಲ್ಲ. ಎರಡನೆಯ ಸಲಕ್ಕೆ ಫಲ ತೀರಾ ಕಡಿಮೆ, ಮೂರನೆಯದರಿಂದ ಕಾಯಂ ಗುಣವಾಗುವುದು ಇಲ್ಲವೆಂದೇ ಹೇಳಬೇಕು. ನಿಮ್ಮ ಅಣ್ಣನಿಗೆ ಮೂರು ಸಲ ಮಾಡಿದ್ದಾರೆ. ಬಿದ್ದ ವರ್ಷ ಆ ಇಕ್ಕಟ್ಟು ಒಂದೆರಡು ಸೆಂಟಿಮೀಟರ್ ಇದ್ದಿರಬಹುದು. ಆಗಲೇ ಹೊರಗಿನಿಂದ ತೆರೆದು, ಕೆಟ್ಟ ತುಂಡನ್ನು ತೆಗೆದು ತುದಿಗಳನ್ನು ಜೋಡಿಸಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಲ್ಲಿಗೇ ಮುಗಿಯುವ ಕೆಲಸ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅರ್ಧ ಗಂಟೆಯಲ್ಲಿ ಮುಗಿದು ಮರುದಿನ ಮನೆಗೆ ಕಳಿಸುವ ಚಿಕಿತ್ಸೆಯನ್ನು ರೋಗಿಯೂ ಬಯಸುತ್ತಾನೆ, ಡಾಕ್ಟರಿಗೂ ಸಲೀಸು. ಆದರೆ ನಾಲ್ಕನೆಯ ಸಲ ಸೀಳೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ.

ಈಗ 6 ಸೆಂಟಿಮೀಟರ್. ಅಷ್ಟನ್ನು ಕತ್ತರಿಸಿ ತೆಗೆದರೆ ಉಳಿದ ತುದಿಗಳು ಒಂದಕ್ಕೊಂದು ಮುಟ್ಟುವುದಿಲ್ಲ, ಎಳೆದು ಹೊಲಿದರೆ ಲಿಂಗ ಬಾಗುತ್ತದೆ. ಅದಕ್ಕೇ ಕಸಿ. ನಾಳವನ್ನು ಉದ್ದಕ್ಕೆ ತೆರೆದು, ಕೆನ್ನೆಯ ಒಳಪೊರೆಯ ತೇಪೆ ಹಾಕಿ ಅಗಲ ಮಾಡುವುದು. ಬಾಯಿಯ ಪೊರೆ ಯಾವಾಗಲೂ ಒದ್ದೆಯಲ್ಲೇ ಇರುವಂಥದ್ದು, ದಪ್ಪ, ಕೂದಲಿಲ್ಲ, ಹೊಸ ಜಾಗದ ರಕ್ತನಾಳಗಳನ್ನು ಬೇಗ ಹಿಡಿಯುತ್ತದೆ. 1894ರಲ್ಲೇ ಕೀವ್ ನಗರದ ಸಪೆಜ್ಕೊ ಎಂಬ ಶಸ್ತ್ರವೈದ್ಯರು ಇದನ್ನು ಮಾಡಿದ್ದರು. ಆಮೇಲೆ ಲೋಕ ಅದನ್ನು ಮರೆತು, ನೂರು ವರ್ಷದ ನಂತರ ಮತ್ತೆ ಹಿಡಿದುಕೊಂಡಿತು. ಇಟಲಿಯ ಬಾರ್ಬಾಗ್ಲಿ ತೇಪೆಯನ್ನು ನಾಳದ ಬೆನ್ನಿನ ಬದಿಗೆ ಹಾಕುವ ಕ್ರಮ ತಂದರು. ಪುಣೆಯ ಡಾ. ಸಂಜಯ್ ಕುಲಕರ್ಣಿಯವರು ನಾಳ ಪೂರ್ತಿ ಕೆಟ್ಟವರಿಗೂ ಒಂದೇ ಶಸ್ತ್ರಕ್ರಿಯೆಯಲ್ಲಿ, ನಾಳವನ್ನು ಒಂದೇ ಬದಿಯಿಂದ ಬಿಡಿಸಿ, ಇನ್ನೊಂದು ಬದಿಯ ರಕ್ತಸಂಚಾರವನ್ನು ಮುಟ್ಟದೆ ಉಳಿಸಿಕೊಂಡು ಕಸಿ ಮಾಡುವ ವಿಧಾನ ರೂಪಿಸಿದರು. ಲೋಕದ ಶಸ್ತ್ರವೈದ್ಯರು ಅದನ್ನು ಕುಲಕರ್ಣಿ ವಿಧಾನ ಎಂದೇ ಕರೆಯುತ್ತಾರೆ. ನುರಿತ ಕೈಯಲ್ಲಿ ಕೆನ್ನೆಯ ಕಸಿ ನೂರರಲ್ಲಿ 80ರಿಂದ 90 ಮಂದಿಗೆ ನಿಲ್ಲುತ್ತದೆ. ಈ ಅಂಕಿಯನ್ನು ನೆನಪಿಡಿ, ಆಮೇಲೆ ಹೋಲಿಸಲಿಕ್ಕೆ ಬೇಕು.

ಇನ್ನು ಬಾಯಿ. ನಮ್ಮ ಮನೆಗೂ ಅಡಿಕೆಯೇ ಅನ್ನ. ನಾನು ಓದಿದ್ದು ಅಡಿಕೆಯ ದುಡ್ಡಿನಿಂದ. ಆದರೂ ಹೇಳಲೇಬೇಕು: ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ವಸ್ತು ಬಾಯಿಯ ಪೊರೆಯ ಅಡಿಯಲ್ಲಿ ನಾರಿನ ಕೋಶಗಳನ್ನು ಕೆರಳಿಸುತ್ತದೆ, ವರ್ಷಗಟ್ಟಲೆ ಅಗಿದರೆ ಅಲ್ಲಿ ನಾರು ಕಟ್ಟಿ ಪೊರೆ ಬಿಳಿಚಿ ಗಟ್ಟಿಯಾಗುತ್ತದೆ, ಬಾಯಿ ತೆರೆಯದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ತೋಟದವರಾದ ನಮಗೆ ಇದು ಕಹಿ. ನಾಳದಲ್ಲಿ ಕಲೆ, ಅದನ್ನು ಸರಿಮಾಡಲು ಬೇಕಾದ ಪೊರೆಯಲ್ಲೂ ನಾರು: ನಿಮ್ಮ ಅಣ್ಣ ಸಿಕ್ಕಿಕೊಂಡದ್ದು ಇಲ್ಲಿ. ಬಾಯಿಯನ್ನು ದಂತವೈದ್ಯರಿಗೆ ಈ ವಾರವೇ ತೋರಿಸಿ, ಹುಣ್ಣೋ ಬಿಳಿ ಮಚ್ಚೆಯೋ ಇದ್ದರೆ ಪರೀಕ್ಷೆಯಾಗಲಿ. ಮೂತ್ರನಾಳ ಒಂದು ತಿಂಗಳು ಕಾಯಬಹುದು, ಬಾಯಿಯ ಹುಣ್ಣು ಕಾಯುವಂಥದ್ದಲ್ಲ.

ಇಂಥವರಿಗೇ ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಸಿಕ್ಕಿದರೆ ಎಷ್ಟು ಉಪಕಾರ! ಆ ಆಸೆ ವಿಜ್ಞಾನಿಗಳಿಗೂ ಇದೆ. ಬಾಳೆಯ ಹೋಲಿಕೆಯಿಂದಲೇ ಹೊರಡೋಣ. ಬಾಳೆಗೆಡ್ಡೆಯ ಕಣ್ಣಿನ ಒಂದು ಚೂರಿನಿಂದ ಇಡೀ ಗಿಡ ಬರುತ್ತದೆ, ಏಕೆಂದರೆ ಬೇರು, ಎಲೆ, ಗೊನೆ ಎಲ್ಲವನ್ನೂ ಮಾಡುವ ಶಕ್ತಿ ಆ ಕೋಶಗಳಿಗೆ ಇದೆ. ತೆಂಗಿಗೆ ಅದೇ ಕೆಲಸ ಮಾಡಹೊರಟರೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಕಾಸರಗೋಡಿನ ಕೂಡ್ಲಿನಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಹೋದವರನ್ನು ಕೇಳಿ. ಗಿಡಗಳಲ್ಲೇ ಹೀಗಿದ್ದರೆ ಮನುಷ್ಯನ ಮಾತೇನು? ನಮ್ಮ ದೇಹದ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು, ಬಾಳೆಯ ಕಣ್ಣಿನ ಹಾಗಲ್ಲ. ಕೊಬ್ಬಿನಲ್ಲಿ, ಮೂಳೆಮಜ್ಜೆಯಲ್ಲಿ ಸಿಗುವ ಆಕರಕೋಶ ಎಲುಬು, ಮೃದ್ವಸ್ಥಿ, ಕೊಬ್ಬು ಆಗಬಲ್ಲದು. ಚುಚ್ಚಿದ ಮಾತ್ರಕ್ಕೆ ಅದು ಮೂತ್ರ ತಡೆಯುವ ಪೊರೆಯಾಗಿ, ಸ್ನಾಯುವಾಗಿ, ಕೊಳವೆಯ ಆಕಾರ ತಾಳಿ ಕೂರುವುದಿಲ್ಲ. ಇಲಿಗಳ ನಾಳದಲ್ಲಿ ಕೊಬ್ಬಿನ ಆಕರಕೋಶ ಚುಚ್ಚಿ ಕಲೆ ಕಡಿಮೆಯಾದದ್ದನ್ನು ಕಂಡಿದ್ದಾರೆ, ನಿಜ. ಆಗ ತಾನೇ ಪೆಟ್ಟಾದ ಇಲಿಯ ನಾಳ ಬೇರೆ, ನಾಲ್ಕು ವರ್ಷ ಹಳೆಯ, ಮೂರು ಸಲ ಕೊಯ್ದ 6 ಸೆಂಟಿಮೀಟರ್ ಕಲೆ ಬೇರೆ.

ಮೂತ್ರದ ದಾರಿಗಾಗಿ ಮನುಷ್ಯರಲ್ಲಿ ನಡೆದ ಹೆಸರುವಾಸಿ ಪ್ರಯೋಗಗಳಲ್ಲಿ ಬಳಸಿದ್ದು ಆಕರಕೋಶವೇ ಅಲ್ಲ. ಬ್ರೋಷರು ಬರೆದವರು ಮುಚ್ಚಿಡುವ ಸಂಗತಿ ಇದು. ಅಮೆರಿಕದ ಆಂಥನಿ ಅಟಾಲ ಮತ್ತು ಸಂಗಡಿಗರು ಬೆನ್ನುಹುರಿಯ ಹುಟ್ಟುದೋಷದಿಂದ ಮೂತ್ರಕೋಶ ಕೆಟ್ಟ ಏಳು ಮಂದಿ ಎಳೆಯರ ಮೇಲೆ ಮಾಡಿದ ಕೆಲಸ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಗಿಯ ಮೂತ್ರಕೋಶದಿಂದಲೇ ಸಣ್ಣ ಚೂರು ತೆಗೆದು, ಅದರ ಪೊರೆಯ ಕೋಶ ಮತ್ತು ಸ್ನಾಯುಕೋಶಗಳನ್ನು ಬೇರೆ ಬೇರೆ ಬೆಳೆಸಿ, ಕರಗುವ ಚೌಕಟ್ಟಿನ ಮೇಲೆ ಬಿತ್ತಿ, ಅದನ್ನು ಹಳೆಯ ಮೂತ್ರಕೋಶಕ್ಕೆ ಹೊಲಿದರು. 2011ರಲ್ಲಿ ಅದೇ ಪತ್ರಿಕೆಯಲ್ಲಿ ಮೆಕ್ಸಿಕೊ ನಗರದ ಐದು ಹುಡುಗರ ವರದಿ ಬಂತು, ಇದೇ ನಿಮ್ಮ ಪ್ರಶ್ನೆಗೆ ಹತ್ತಿರದ್ದು. 10ರಿಂದ 14 ವರ್ಷದವರು. ಅಪಘಾತದಲ್ಲಿ ನಾಳ ಹೋದವರು, ಮೊದಲ ಶಸ್ತ್ರಕ್ರಿಯೆ ಕೆಟ್ಟವರು. ಕೊಳವೆಯಾಕಾರದ ಚೌಕಟ್ಟಿನ ಒಳಮೈಗೆ ಪೊರೆಯ ಕೋಶ, ಹೊರಮೈಗೆ ಸ್ನಾಯುಕೋಶ ಬಿತ್ತಿ, ಕೆಲವು ವಾರ ಬೆಳೆಸಿ ಜೋಡಿಸಿದರು. ವರ್ಷಗಳು ಕಳೆದ ಮೇಲೂ ಧಾರೆ ಸೆಕೆಂಡಿಗೆ ಸುಮಾರು 27 ಮಿಲಿಲೀಟರಿನಷ್ಟು ಬರುತ್ತಿತ್ತು. 15ರ ಮೇಲಿದ್ದರೆ ನಾವು ಒಳ್ಳೆಯ ಧಾರೆ ಎನ್ನುತ್ತೇವೆ.

ತೊಂಡೆಯ ಚಪ್ಪರ ನೆನಪಿಸಿಕೊಳ್ಳಿ. ಕೋಲು, ಹಗ್ಗ ಕಟ್ಟಿ ದಾರಿ ತೋರಿಸುವುದಷ್ಟೇ ನಮ್ಮ ಕೆಲಸ, ಹಬ್ಬುವುದು ಬಳ್ಳಿ. ಇಲ್ಲಿ ಚಪ್ಪರ ಕೆಲವು ತಿಂಗಳಲ್ಲಿ ದೇಹದಲ್ಲೇ ಕರಗಿಹೋಗುವ ಪಾಲಿಮರಿನದು, ಕರಗುವ ಹೊಲಿಗೆ ದಾರವನ್ನು ಮಾಡುವ ವಸ್ತುವೇ. ಚಪ್ಪರ ಕರಗುವಷ್ಟರಲ್ಲಿ ಬಳ್ಳಿ ತನ್ನ ಕಾಲ ಮೇಲೆ ನಿಂತಿರಬೇಕು.

ಕೋಶ ಬೆಳೆಸುವುದು ಇದರಲ್ಲಿ ಸುಲಭದ ಪಾಲು ಎಂದರೆ ಆಶ್ಚರ್ಯವಾದೀತು. ಅಟಾಲ ಅವರ ಗುಂಪು 1994ರಲ್ಲೇ ಲೆಕ್ಕ ಕೊಟ್ಟಿತ್ತು: ಒಂದು ಚದರ ಸೆಂಟಿಮೀಟರ್ ಮೂತ್ರಪೊರೆಯ ಕೋಶಗಳನ್ನು ಎಂಟು ವಾರದಲ್ಲಿ 4202 ಚದರ ಮೀಟರಿಗೆ ಸಾಕಾಗುವಷ್ಟು ಹೆಚ್ಚಿಸಬಹುದು. ಅಂದರೆ ಹೆಚ್ಚುಕಡಿಮೆ ಒಂದೆಕರೆ ತೋಟ. ಒಂದೆಕರೆ ಸಿಗುವಲ್ಲಿ 6 ಸೆಂಟಿಮೀಟರ್ ಯಾಕೆ ಕಷ್ಟ? ನೀರಿನ ಪ್ರಶ್ನೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ಎಷ್ಟೇ ಒಳ್ಳೆಯದಿರಲಿ, ಗುಡ್ಡೆಯ ಕಲ್ಲುನೆಲದಲ್ಲಿ ನೆಟ್ಟು ನೀರು ಬಿಡದಿದ್ದರೆ ವಾರದಲ್ಲಿ ಒಣಗುತ್ತದೆ. ಕೋಶಗಳಿಗೆ ನೀರೆಂದರೆ ರಕ್ತ. ರಕ್ತನಾಳದಿಂದ ಸುಮಾರು 0.2 ಮಿಲಿಮೀಟರಿಗಿಂತ ದೂರ ಇರುವ ಕೋಶಕ್ಕೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಹೊಸದಾಗಿ ಹಾಕಿದ ಅಂಗಾಂಶಕ್ಕೆ ಮೊದಲ ದಿನಗಳಲ್ಲಿ ತನ್ನದೇ ರಕ್ತನಾಳವಿಲ್ಲ, ಅಡಿಯ ಹಾಸಿನಿಂದ ಹೀರಬೇಕು. ಅಡಿಯ ಹಾಸೇ ಕಲೆಯಾಗಿದ್ದರೆ ಹೀರುವುದು ಎಲ್ಲಿಂದ? ಕೋಶವಿಲ್ಲದ ಬರಿಯ ಚೌಕಟ್ಟನ್ನು ಕೊಳವೆ ಮಾಡಿ ಮೊಲಗಳಿಗೆ ಹಾಕಿ ನೋಡಿದವರಿಗೆ ಅರ್ಧ ಸೆಂಟಿಮೀಟರಿನವರೆಗೆ ಸರಿಯಾದ ಅಂಗಾಂಶ ಬೆಳೆದದ್ದು ಕಂಡಿತು, ಅದಕ್ಕಿಂತ ಉದ್ದವಾದಲ್ಲಿ ಕಲೆ ತುಂಬಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಇಡೀ ಕಥೆ ಆ ಅರ್ಧ ಸೆಂಟಿಮೀಟರಿನಲ್ಲಿದೆ.

ಕೈಕೊಟ್ಟ ಉದಾಹರಣೆಗಳು ಬ್ರೋಷರಿನಲ್ಲಿ ಇರುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಅಟಾಲ ಅವರ ಮೂತ್ರಕೋಶದ ತಂತ್ರವನ್ನು ಮಾರುಕಟ್ಟೆಗೆ ತರಲು ಹೊರಟ ಟೆಂಜಿಯನ್ ಕಂಪನಿ ಹತ್ತು ಮಕ್ಕಳಲ್ಲಿ ಪರೀಕ್ಷೆ ಮಾಡಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂತ್ರಕೋಶದ ಹಿಡಿತ ಹೆಚ್ಚಲಿಲ್ಲ, ಕರುಳು ಕಟ್ಟಿಕೊಳ್ಳುವುದು, ಮೂತ್ರಕೋಶ ಒಡೆಯುವುದು ಮುಂತಾದ ಅಪಾಯಗಳು ಕಂಡವು. ಅದೇ ವರ್ಷ ಕಂಪನಿ ದಿವಾಳಿಯಾಯಿತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಾಯಿಯ ಕೋಶಗಳನ್ನು ಬೆಳೆಸಿ ಐದು ಮಂದಿಗೆ ನಾಳದ ಕಸಿ ಹಾಕಿದರು. ಇಬ್ಬರಲ್ಲಿ ಅದು ನಾರುಕಟ್ಟಿ ಪೂರ್ತಿಯೋ ಭಾಗಶಃವೋ ತೆಗೆಯಬೇಕಾಯಿತು. ಇನ್ನು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯ ಪ್ರಕರಣ. ಪಾವ್ಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ 2011ರಿಂದ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಆಕರಕೋಶ ಬಿತ್ತಿ ಮೂವರಿಗೆ ಹಾಕಿದ. ಲೋಕವೆಲ್ಲ ಕೊಂಡಾಡಿತು. ಮೂವರೂ ತೀರಿಕೊಂಡರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಅದು ಗಾಳಿಯ ಕೊಳವೆ, ನಮ್ಮದು ಮೂತ್ರದ ಕೊಳವೆ. ರಕ್ತ ಹರಿಯದ ಹಾಸಿನ ಮೇಲೆ ಕೋಶ ಬದುಕೀತೆಂಬ ಭ್ರಮೆ ಎರಡಕ್ಕೂ ಒಂದೇ.

ಪೂರ್ತಿ ಕತ್ತಲೆಯೂ ಅಲ್ಲ. ಜರ್ಮನಿಯಲ್ಲಿ ಮುಕೋಸೆಲ್ ಎಂಬ ಕಸಿಗೆ 2013ರಲ್ಲಿ ಅನುಮತಿ ಸಿಕ್ಕಿತು. ಬಾಯಿಯ ಪೊರೆಯ ಸಣ್ಣ ಚೂರು ಸಾಕು, ಸುಮಾರು ಮೂರು ವಾರದಲ್ಲಿ ಅದನ್ನು ಹಾಳೆಯಾಗಿ ಬೆಳೆಸಿಕೊಡುತ್ತಾರೆ. 99 ಮಂದಿಯ ವರದಿಯಲ್ಲಿ ಒಂದು ವರ್ಷಕ್ಕೆ ನೂರಕ್ಕೆ 67, ಎರಡು ವರ್ಷಕ್ಕೆ 58ರಷ್ಟು ಯಶಸ್ಸು. ಮೇಲೆ ಹೇಳಿದ 80–90ರ ಪಕ್ಕದಲ್ಲಿಟ್ಟು ನೋಡಿ. ಆದರೂ ಕೆನ್ನೆಯಲ್ಲಿ ದೊಡ್ಡ ತುಂಡು ಸಿಗದ ನಿಮ್ಮ ಅಣ್ಣನಂಥವರಿಗೆ ಮುಂದೊಂದು ದಿನ ಇಂಥದ್ದೇ ಆಸರೆಯಾದೀತು ಎಂದು ನಾನೂ ಆಶಿಸುತ್ತೇನೆ. ನಮ್ಮ ಕಡೆ ಚೆನ್ನೈಯ ನಿಚಿ-ಇನ್ ಕೇಂದ್ರದವರು ಕೆನ್ನೆಯ ಕೋಶಗಳನ್ನು ಬೆಳೆಸಿ, ತಂಪಿನಲ್ಲಿ ದ್ರವವಾಗಿದ್ದು ಮೈಬಿಸಿಗೆ ಗಟ್ಟಿಯಾಗುವ ಜೆಲ್ಲಿನಲ್ಲಿ ಬೆರೆಸಿ, ಸೀಳಿದ ಜಾಗಕ್ಕೆ ಸುರಿಯುವ ಕ್ರಮವನ್ನು ಮುಂದಿಟ್ಟಿದ್ದಾರೆ. ಪ್ರಕಟವಾದ ವರದಿ ಆರೇ ರೋಗಿಗಳದ್ದು. ಆರು ಮಂದಿಯಿಂದ ಚಿಕಿತ್ಸೆ ಹುಟ್ಟುವುದಿಲ್ಲ, ಮುಂದಿನ ಪ್ರಶ್ನೆ ಹುಟ್ಟುತ್ತದೆ. ಇವೆರಡರಲ್ಲೂ ಇರುವುದು ಕೆನ್ನೆಯ ಪೊರೆಯ ಕೋಶ, ಕೊಬ್ಬಿನದ್ದಲ್ಲ.

ನಿಮ್ಮ ಬ್ರೋಷರಿಗೆ ಬರೋಣ. ಅದೇ ದಿನ ಕೊಬ್ಬು ತೆಗೆದು ಅದೇ ದಿನ ಚುಚ್ಚುತ್ತಾರೆಂದರೆ ಅಲ್ಲಿ ಬೆಳೆಸುವುದೂ ಇಲ್ಲ, ಚೌಕಟ್ಟೂ ಇಲ್ಲ, ಕೊಳವೆಯೂ ಇಲ್ಲ. ಟಿಷ್ಯೂ ಕಲ್ಚರ್ ಎಂಬ ಮಾತು ಬರೀ ಅಲಂಕಾರ. ಕಾನೂನಿನ ಕಡೆಯಿಂದ ನೋಡಿದರೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟರೆ ಉಳಿದ ಆಕರಕೋಶ ಬಳಕೆಯೆಲ್ಲ ಸಂಶೋಧನೆ. ಸಂಶೋಧನೆ ಎಂದಮೇಲೆ ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ ಅದರ ನಂಬರು ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ಆ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ನಂಬರು ಕೇಳಿ ನೋಡಿ. ಮೂರೂವರೆ ಲಕ್ಷ ಕೇಳುವವರು ನಂಬರು ಕೊಟ್ಟದ್ದನ್ನು ನಾನು ಕಂಡಿಲ್ಲ. ಯಾವ ಒಪ್ಪಿಗೆ ಪತ್ರಕ್ಕೂ ಅಣ್ಣ ತನಗೆ ಅರ್ಥವಾಗುವ ಭಾಷೆಯಲ್ಲಿ ಓದಿಯೇ ಸಹಿ ಹಾಕಬೇಕು. ನಮ್ಮ ಕಡೆ ಮಲಯಾಳದ್ದೋ ಇಂಗ್ಲಿಷಿನದ್ದೋ ಕಾಗದ ಕೊಟ್ಟು 'ಇಲ್ಲಿ ಸೈನ್' ಎನ್ನುವುದು ರೂಢಿಯಾಗಿಬಿಟ್ಟಿದೆ. ಕನ್ನಡದ್ದು ಕೊಡಿ ಎಂದು ಕೇಳಲು ಸಂಕೋಚ ಬೇಡ. ಇಲ್ಲವಾದರೆ ಓದಿ ಹೇಳಿಸಿ.

ಹಾಗಾದರೆ ಅಣ್ಣನಿಗೆ ದಾರಿ? ಕೆನ್ನೆ ಕೆಟ್ಟಿದ್ದರೆ ನಾಲಗೆಯ ಅಡಿಯ ಪೊರೆಯನ್ನು ನೋಡಬಹುದು, ಅಡಿಕೆ ಅಗಿಯುವವರಲ್ಲೂ ಅದು ಕೆಲವೊಮ್ಮೆ ಮೆತ್ತಗೆ ಉಳಿದಿರುತ್ತದೆ. ಬಾಯಿ ಎರಡೇ ಬೆರಳು ತೆರೆಯುವುದರಿಂದ ತೆಗೆಯುವುದು ಕಷ್ಟ, ಅರಿವಳಿಕೆಯವರಿಗೂ ಕಷ್ಟ. ಮೂಗಿನ ಮೂಲಕ ಟ್ಯೂಬು ಹಾಕಬೇಕಾದೀತು, ಆದ್ದರಿಂದ ಬಾಯಿಯ ವಿಷಯ ಅವರಿಗೆ ಮೊದಲೇ ತಿಳಿಸಿ. ನಾಲಗೆಯೂ ಆಗದಿದ್ದರೆ ಲಿಂಗದ ಮುಂದೊಗಲಿನ ಅಥವಾ ಕಾಂಡದ ಚರ್ಮವನ್ನು ಅದರದೇ ರಕ್ತಸಂಚಾರದ ಸಮೇತ ತಿರುಗಿಸಿ ತೇಪೆ ಹಾಕುವ ಕ್ರಮವಿದೆ. ಬಾಯಿಯ ಕಸಿ ಬರುವ ಮೊದಲು ನಮ್ಮ ಗುರುಗಳು ಮಾಡುತ್ತಿದ್ದುದು ಅದನ್ನೇ. ಅಲ್ಲಿ ಬಿಳಿಚಿ ಗಟ್ಟಿಯಾಗುವ ಚರ್ಮರೋಗ ಇರಬಾರದು ಅಷ್ಟೆ. ಇವ್ಯಾವುದೂ ಬೇಡವೆಂದರೆ ಕಾಲಸಂದಿಯಲ್ಲಿ ಇಕ್ಕಟ್ಟಿನ ಹಿಂದಿನ ಒಳ್ಳೆಯ ನಾಳವನ್ನು ತೆರೆದು ಬಿಡುವುದು. ಹೊಟ್ಟೆಯ ಟ್ಯೂಬು ಹೋಗುತ್ತದೆ, ಆದರೆ ಕುಳಿತೇ ಮೂತ್ರ ಮಾಡಬೇಕು. 41 ವರ್ಷದವನಿಗೆ ನಾನು ಇದನ್ನು ಕೊನೆಗೇ ಹೇಳುವೆ. ಪದೇ ಪದೇ ಕೊಯ್ಸಿಕೊಂಡು ಸಾಕಾದವರಲ್ಲಿ ಇದರಿಂದ ನೆಮ್ಮದಿಯಾಗಿರುವವರನ್ನೂ ನೋಡಿದ್ದೇನೆ.

ಇದಕ್ಕೆಲ್ಲ ಮೊದಲು ಮೂರು ತಿಂಗಳು ನಾಳಕ್ಕೆ ವಿಶ್ರಾಂತಿ ಬೇಕು. ಒಳಗೆ ಕೊಯ್ಯುವುದಿಲ್ಲ, ಹಿಗ್ಗಿಸುವುದಿಲ್ಲ, ಹೊಟ್ಟೆಯ ಟ್ಯೂಬಿನಿಂದಲೇ ಮೂತ್ರ ಹೋಗಲಿ. ಆ ಟ್ಯೂಬನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಬದಲಿಸಿ. ವಿಶ್ರಾಂತಿಯ ನಂತರ ಮುಂದಿನಿಂದ ಮತ್ತು ಮೂತ್ರಕೋಶದ ಕಡೆಯಿಂದ ಬಣ್ಣ ಬಿಟ್ಟು ಎಕ್ಸ್‌ರೇ ಮತ್ತೆ ತೆಗೆಸಿದರೆ ಕಲೆ ನಿಜವಾಗಿ ಎಷ್ಟು ಉದ್ದ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಎಲೆ, ಅಡಿಕೆ, ಪ್ಯಾಕೆಟು ಪೂರ್ತಿ ನಿಲ್ಲಬೇಕು. ಬಾಯಿಯ ನಾರು ಕರಗದು, ಆದರೆ ಹೊಗೆಸೊಪ್ಪು ರಕ್ತನಾಳವನ್ನು ಹಿಂಡುವುದರಿಂದ ಯಾವ ಕಸಿಯೂ ಹಿಡಿಯುವುದು ಕಷ್ಟ. ಶಸ್ತ್ರವೈದ್ಯರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ಇಂಥ ಎಷ್ಟು ಮಾಡುತ್ತೀರಿ? ಒಂದೆರಡು ಎಂದರೆ ಮುಂದಿನವರ ಹತ್ತಿರ ಹೋಗಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಕಾರ್ಡು ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ಆ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ.

ಮರ ಹತ್ತುವ ವಿಷಯ. ಕಸಿಯಾದ ಮೇಲೆ ಸುಮಾರು ಮೂರು ವಾರ ಒಳಗೆ ಟ್ಯೂಬು ಇರುತ್ತದೆ, ಬಣ್ಣದ ಎಕ್ಸ್‌ರೇಯಲ್ಲಿ ಸೋರುವುದಿಲ್ಲವೆಂದು ಕಂಡ ಮೇಲೆ ತೆಗೆಯುತ್ತಾರೆ. ಮೂರು ತಿಂಗಳು ಬೈಕು, ಸೈಕಲ್ಲು, ಭಾರ ಎತ್ತುವುದು ಬೇಡ. ಧಾರೆಯ ಪರೀಕ್ಷೆಯನ್ನು ಮೂರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೂ ವರ್ಷಕ್ಕೊಮ್ಮೆ ಮಾಡಿಸಿ; ಚೆನ್ನಾಗಿದ್ದೇನೆ ಎಂದು ಬಿಟ್ಟವರೇ ಮೂರನೆಯ ವರ್ಷ ಟ್ಯೂಬಿನೊಂದಿಗೆ ಬರುತ್ತಾರೆ. ತೋಟದ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಕಾಲಿಗೆ ತಳೆ ಹಾಕಿ ಕಾಂಡಕ್ಕೆ ಮೈ ಒತ್ತಿ ಹತ್ತುವಾಗ ಭಾರ ಬೀಳುವುದು ಕಸಿ ಹಾಕಿದ ಜಾಗದ ಹತ್ತಿರವೇ, ಅಲ್ಲಿ ಎರಡನೆಯ ಸಲ ಪೆಟ್ಟು ಬಿದ್ದರೆ ತೆಗೆಯಲು ಇನ್ನೊಂದು ಪೊರೆ ಇಲ್ಲ. ಅಡಿಕೆ ಕೊನೆ ಕೊಯ್ಯುವುದಕ್ಕೂ ಮದ್ದು ಬಿಡುವುದಕ್ಕೂ ಈಗ ಕಾರ್ಬನ್ ಫೈಬರಿನ ಹಗುರ ದೋಟಿ ಬಂದಿದೆಯಲ್ಲ, ಅಡವಿಡಲಿದ್ದ ಚಿನ್ನದ ಸಣ್ಣ ಪಾಲಿಗೆ ಅದು ಬರುತ್ತದೆ. ನೆಲದ ಮೇಲೆ ನಿಂತೇ ಮಾಡಲಿ.